ರೋಗಿಯ ಪಕ್ಕದಲ್ಲಿ ಗಾಂಧೀಜಿ: ಮನೆ ಆರೈಕೆಯಲ್ಲಿ ಪೋಲು ತಡೆಯುವುದು ಹೇಗೆ?

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೀರಾ? ಹಾಗಾದರೆ ಔಷಧಿ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ವೈದ್ಯರು ನಿಲ್ಲಿಸಿದ ಮಾತ್ರೆಯ ಅರ್ಧ ಸ್ಟ್ರಿಪ್, ಎರಡು ಸಲ ಕೊಂಡ ಸಿರಪ್, ಅವಧಿ ಮುಗಿದ ಮುಲಾಮು ಸಿಗಬಹುದು. ದುಡ್ಡೂ ಹೋಯಿತು, ತಪ್ಪು ಔಷಧಿ ಕೊಡುವ ಅಪಾಯವೂ ಬಂತು. ಏನನ್ನೂ ಪೋಲು ಮಾಡದ ಗಾಂಧೀಜಿಯನ್ನು ನೀವು ಬಲ್ಲಿರಿ. ಅವರು ಜೀವನದುದ್ದಕ್ಕೂ ರೋಗಿಗಳ ಶುಶ್ರೂಷೆ ಮಾಡಿದವರು ಎಂಬುದು ಅಷ್ಟಾಗಿ ತಿಳಿದಿಲ್ಲ.

ತಂದೆಯ ಆರೈಕೆ

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸರು ಓದಿದ್ದು ರಾಜಕೋಟೆಯಲ್ಲಿ. ಅಲ್ಲಿ ತಂದೆ ಕರಮಚಂದರು ಭಗಂದರದಿಂದ ನರಳುತ್ತಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವುದು, ಔಷಧಿ ಕೊಡುವುದು, ಮನೆಯಲ್ಲೇ ತಯಾರಿಸಬೇಕಾದ ಔಷಧಿಯನ್ನು ಬೆರೆಸುವುದು ಹದಿಹರೆಯದ ಈ ಮಗನ ಪಾಲಿನ ಕೆಲಸ. ರಾತ್ರಿ ಕಾಲು ಒತ್ತುವುದೂ ಅವರದೇ.

ನಿಮ್ಮ ಮನೆಯಲ್ಲೂ ಔಷಧಿಯ ಹೊಣೆ ಒಬ್ಬರಿಗೇ ಇರಲಿ. ಮಗ, ಸೊಸೆ, ಅತ್ತೆ ಎಲ್ಲರೂ ಬೇರೆ ಬೇರೆಯಾಗಿ ಕೊಂಡು ತಂದರೆ ಡಬ್ಬಿ ತುಂಬುತ್ತದೆ, ಡೋಸ್ ತಪ್ಪುತ್ತದೆ.

ದರ್ಬಾನಿನ ಧರ್ಮಾಸ್ಪತ್ರೆ

ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗ ಗಾಂಧೀಜಿ ದಿನಕ್ಕೆ ಒಂದೆರಡು ಗಂಟೆ ಸಣ್ಣ ಧರ್ಮಾಸ್ಪತ್ರೆಯೊಂದಕ್ಕೆ ಮೀಸಲಿಟ್ಟರು. ರೋಗಿಗಳ ತೊಂದರೆ ಕೇಳಿ ತಿಳಿದು ಡಾಕ್ಟರ್ ಬೂತ್ ಅವರಿಗೆ ಹೇಳುವುದು, ಅವರು ಬರೆದುಕೊಟ್ಟ ಔಷಧಿ ಕೊಡುವುದು ಅವರ ಕೆಲಸ.

ಇದನ್ನು ನೀವೂ ಮಾಡಬಹುದು. ನರ್ಸ್ ಅಥವಾ ವೈದ್ಯರು ಮನೆಗೆ ಬರುವ ಮುಂಚೆ ಜ್ವರ, ಬಿ.ಪಿ., ಊಟ, ಮಲಮೂತ್ರ, ಕೊಟ್ಟ ಔಷಧಿ, ಉಳಿದ ಮಾತ್ರೆಗಳ ಎಣಿಕೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಭೇಟಿಯ ಸಮಯ ಹುಡುಕಾಟದಲ್ಲಿ ಕಳೆಯುವುದಿಲ್ಲ.

ಉಳಿತಾಯ ಎಲ್ಲಿ ನಿಲ್ಲಬೇಕು?

1915ರಲ್ಲಿ ಭಾರತಕ್ಕೆ ಮರಳಿದ ಗಾಂಧೀಜಿ ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ತೆರೆದರು. ಅಲ್ಲಿ ಪ್ಲೇಗು ಕಾಣಿಸಿಕೊಂಡಿದ್ದರಿಂದ 1917ರಲ್ಲಿ ಸಾಬರಮತಿ ದಡಕ್ಕೆ ಹೋದರು. ವಡೋದರಾದ ಮಕರಪುರದಲ್ಲಿರುವ ಕನ್ನಡಿಗರಿಗೆ ಅದು ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ಬಂದ ಕಾಗದದ ಹಿಂಬದಿಯಲ್ಲೇ ಬರೆಯುತ್ತಿದ್ದವರು ಅವರು.

1918ರಲ್ಲಿ ಆಮಶಂಕೆಯಿಂದ ಸಾಯುವ ಸ್ಥಿತಿಗೆ ಬಂದರೂ ಮೊದಲಿಗೆ ಔಷಧಿ ಬೇಡವೆಂದರು, ಹಾಲನ್ನೂ ಮುಟ್ಟಲಿಲ್ಲ. ದೇಹ ಸೊರಗಿತು. ಕೊನೆಗೆ ಕಸ್ತೂರಬಾ ಮಾತಿಗೆ ಒಪ್ಪಿ ಮೇಕೆಹಾಲು ಕುಡಿದರು. 1924ರಲ್ಲಿ ಅಪೆಂಡಿಸೈಟಿಸ್ ಆದಾಗ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿ ಉಳಿದುಕೊಂಡರು. 1927ರಲ್ಲಿ ರಕ್ತದೊತ್ತಡ ಏರಿದಾಗ ವೈದ್ಯರ ಮಾತಿನಂತೆ ಪ್ರವಾಸ ನಿಲ್ಲಿಸಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು.

ಫಾರ್ಮಸಿಸ್ಟ್ ಆಗಿ ನಾನು ಒತ್ತಿ ಹೇಳುವುದು ಇದನ್ನೇ. ಅನಗತ್ಯ ಖರೀದಿಯಲ್ಲಿ ಉಳಿಸಿ, ಚಿಕಿತ್ಸೆಯಲ್ಲಿ ಉಳಿಸಬೇಡಿ.

- ಹೊಸ ಔಷಧಿ ಶುರುವಾದಾಗ, ವೈದ್ಯರು ಒಪ್ಪಿದರೆ, ಮೊದಲು ಕೆಲವೇ ದಿನಗಳಿಗೆ ಆಗುವಷ್ಟು ಕೊಳ್ಳಿ.
- ಮಾತ್ರೆ ಹೆಚ್ಚು ದಿನ ಬರಲೆಂದು ಡೋಸ್ ಕಡಿಮೆ ಮಾಡಬೇಡಿ. ಆ್ಯಂಟಿಬಯೋಟಿಕ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.
- ಸೂಜಿ, ಕೈಗವಸು, ಗಾಯದ ಬಟ್ಟೆಯನ್ನು ಮತ್ತೆ ಬಳಸಬೇಡಿ.
- ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ. ಅದನ್ನೂ ಅವಧಿ ಮುಗಿದ ಔಷಧಿಯನ್ನೂ ಉಳಿದ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಿ.

ಸೇವಾಗ್ರಾಮದ ಗುಡಿಸಲು

1939ರಲ್ಲಿ ಕುಷ್ಠರೋಗಿಯಾಗಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳು ಸೇವಾಗ್ರಾಮಕ್ಕೆ ಬಂದರು. ಜನ ದೂರ ಸರಿಯುತ್ತಿದ್ದ ಕಾಲವದು. ಗಾಂಧೀಜಿ ತಮ್ಮ ಕುಟೀರದ ಹತ್ತಿರವೇ ಅವರಿಗೆ ಗುಡಿಸಲು ಕಟ್ಟಿಸಿ, ಗಾಯ ತೊಳೆದು ಮೈ ತಿಕ್ಕಿದರು. ದೇಶದ ಕೆಲಸಗಳ ನಡುವೆಯೂ ಅದಕ್ಕೆ ಹೊತ್ತು ಮಾಡಿಕೊಂಡರು.

1948ರ ಜನವರಿ 30ರಂದು ಅವರು ಹತ್ಯೆಯಾದರು. ಔಷಧಿಯ ಬಗ್ಗೆ ಅವರಿಗಿದ್ದ ಎಲ್ಲ ನಂಬಿಕೆಗಳನ್ನು ನೀವು ಪಾಲಿಸಬೇಕಿಲ್ಲ. ಆದರೆ ಡಬ್ಬಿ ಜೋಡಿಸಿ, ನೋಟ್‌ಬುಕ್ ಬರೆದು ನೀವು ಉಳಿಸಿದ ಅರ್ಧ ಗಂಟೆಯನ್ನು ಅವರಂತೆ ರೋಗಿಯ ಪಕ್ಕದಲ್ಲಿ ಕಳೆಯಬಹುದು.