ಮೊಲೊಕಾಯಿಯ ಸಂತ ದಾಮಿಯಾನರು

ಬೆಲ್ಜಿಯಂ ದೇಶದ ತ್ರೆಮೆಲೊ ಎಂಬ ಹಳ್ಳಿಯ ರೈತ ಮನೆತನದಲ್ಲಿ 1840ರ ಜನವರಿ 3ರಂದು ಜನಿಸಿದ ಜೋಸೆಫ್ ದ ವ್ಯೂಸ್ಟರರೇ ಮುಂದೆ ಲೋಕವೆಲ್ಲ ಬಲ್ಲ ದಾಮಿಯಾನ ಸ್ವಾಮಿಗಳಾದರು. ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯಿಂದ ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದವರು ಇವರ ಅಣ್ಣ ಪಾಂಫೀಲರು. ಅಣ್ಣನವರು ಜ್ವರಪೀಡಿತರಾಗಲು, ಗುರುದೀಕ್ಷೆಯೂ ಆಗದಿದ್ದ ತಮ್ಮನು ಆ ಸ್ಥಾನವನ್ನು ಬೇಡಿ ಪಡೆದರು. 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಹೊನೊಲುಲು ತಲಪಿ, ಮೇ 21ರಂದು ಅಲ್ಲಿಯೇ ಗುರುಗಳಾದರು.

ಆ ದ್ವೀಪಗಳಲ್ಲಿ ಕುಷ್ಠವು ಹಬ್ಬಿದ ಕಾಲವದು. 1865ರ ಕಾನೂನಿನಂತೆ, ರೋಗಿಗಳೆಂದು ಕಂಡುಬಂದವರನ್ನು ಮನೆಮಕ್ಕಳಿಂದ ಅಗಲಿಸಿ ಮೊಲೊಕಾಯಿ ದ್ವೀಪದ ಕಲವಾವೊಗೆ ಸಾಗಿಸುತ್ತಿದ್ದರು. ಮೂರು ಕಡೆ ಕಡಲು, ಹಿಂದೆ ಹತ್ತಲಸದಳವಾದ ಬೆಟ್ಟದ ಗೋಡೆ. ಚರ್ಮದ ಮೇಲಿನ ಒಂದು ಮಚ್ಚೆ ಮನುಷ್ಯನ ಬಾಳನ್ನೇ ತೀರ್ಮಾನಿಸುತ್ತಿದ್ದಾಗ, ಅದನ್ನು ಬಚ್ಚಿಡದವರು ಯಾರು?

1873ರ ಮೇ 10ರಂದು ದಾಮಿಯಾನರು ಅಲ್ಲಿಗೆ ಬಂದರು. ಮೊದಲ ರಾತ್ರಿಗಳನ್ನು ಕಳೆದುದು ದೇವಾಲಯದ ಪಕ್ಕದ ಕೇದಗೆ ಜಾತಿಯ ಮರದಡಿಯಲ್ಲಿ. ನೆಲೆನಿಂತ ವೈದ್ಯರಿಲ್ಲದ ಊರಿನಲ್ಲಿ ಹುಣ್ಣು ತೊಳೆದು ಕಟ್ಟುವವರೂ ಅವರೇ, ಮನೆ ಕಟ್ಟುವವರೂ ಅವರೇ, ಶವಪೆಟ್ಟಿಗೆ ಮಾಡುವವರೂ ಅವರೇ. ಪಾಪನಿವೇದನೆಗೆ ಇನ್ನೊಬ್ಬ ಗುರುಗಳು ದೊರೆಯದೆ, ಒಮ್ಮೆ ದೋಣಿಯಲ್ಲಿ ನಿಂತು, ಹಡಗಿನ ಮೇಲಿದ್ದ ತಮ್ಮ ಮೇಲಧಿಕಾರಿಗೆ ಗಟ್ಟಿಯಾಗಿ ನಿವೇದಿಸಬೇಕಾಯಿತು. ರೋಗ ತಗಲುವ ಎಷ್ಟೋ ಮೊದಲೇ ಪ್ರಸಂಗಗಳಲ್ಲಿ ತಮ್ಮನ್ನೂ ಕುಷ್ಠರೋಗಿಗಳೊಂದಿಗೆ ಎಣಿಸಿಕೊಂಡು ಮಾತಾಡುತ್ತಿದ್ದರು.

ಬಿಸಿನೀರಿನಲ್ಲಿ ಕಾಲಿಟ್ಟ ಆ ಕ್ಷಣದಲ್ಲೇ ಅವರಿಗೆ ರೋಗದ ಅರಿವಾಯಿತೆಂಬ ಕಥೆ ಪ್ರಸಿದ್ಧ. ನಿಜಕ್ಕೂ ದೇಹವು ಬಹಳ ಮುಂಚೆಯೇ ಸೂಚನೆ ಕೊಟ್ಟಿತ್ತು. 1876ರ ಸುಮಾರಿಗೆ ತೋಳು, ಬೆನ್ನುಗಳ ಮೇಲೆ ಸಣ್ಣ ಒಣ ಮಚ್ಚೆಗಳೆದ್ದವು. ಪಾದರಸದ ಲವಣದ ದ್ರಾವಣ ಹಚ್ಚಿದಾಗ ಮಾಸಿ, ಮತ್ತೆ ಕಾಣಿಸಿಕೊಂಡವು. ಅನಂತರ ಎಡಗಾಲಿನಲ್ಲಿ ನೋವು. ಕೊನೆಗೆ 1884ರ ಡಿಸೆಂಬರಿನಲ್ಲಿ, ದಣಿದ ಕಾಲುಗಳನ್ನು ನೀರಿನಲ್ಲಿಟ್ಟಾಗ ಚರ್ಮ ಬೊಕ್ಕೆಯೆದ್ದರೂ ಬಿಸಿ ತಿಳಿಯಲಿಲ್ಲ. ಮುಂದಿನ ವರ್ಷ ಜರ್ಮನ್ ವೈದ್ಯ ಅರ್ನಿಂಗರು ಪರೀಕ್ಷಿಸಿ ರೋಗವನ್ನು ದೃಢಪಡಿಸಿದರು. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ನರು 1873ರಲ್ಲೇ ಕಂಡುಹಿಡಿದಿದ್ದರೂ, ಗುಣಪಡಿಸುವ ಮದ್ದು ಯಾರ ಕೈಯಲ್ಲೂ ಇರಲಿಲ್ಲ.

ಹಳ್ಳಿಗಾಡಿನ ನಮ್ಮ ಬಾಂಧವರಿಗಾಗಿ ಇಲ್ಲಿ ಎರಡು ಮಾತು ಸೇರಿಸುವುದು ಅಪ್ರಸ್ತುತವಾಗದು. ಪ್ರತಿಯೊಂದು ಬಿಳಿ ಕಲೆಯೂ ಕುಷ್ಠವಲ್ಲ. ಚಿಬ್ಬು, ತೊನ್ನುಗಳೇ ಬೇರೆ. ಆದರೆ ತಿಳಿಬಣ್ಣದ ಅಥವಾ ಕೆಂಪನೆಯ ಮಚ್ಚೆಯಲ್ಲಿ ಸ್ಪರ್ಶ ಮಂದವಾಗಿದ್ದರೆ ಎಚ್ಚರ ಬೇಕು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನೂ ಪಕ್ಕದ ಚರ್ಮವನ್ನೂ ಮೆಲ್ಲನೆ ಸೋಕಿ, ತಿಳಿಯಿತೇ ಎಂದು ಕೇಳಬೇಕು. ಸೂಜಿ, ಬಿಸಿವಸ್ತುಗಳು ಸಲ್ಲವು. ಸ್ಪರ್ಶ ತಿಳಿದರೂ ಮಚ್ಚೆ ಮಾಯದಿದ್ದರೆ, ಕೈಕಾಲು ಜೋಮು ಹಿಡಿದರೆ, ಆಸ್ಪತ್ರೆ ಎಷ್ಟು ದೂರವಿದ್ದರೂ ಹೋಗಲೇಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಮದ್ದು ಉಚಿತ; ರೋಗದ ಬಗೆಯಂತೆ 6 ಅಥವಾ 12 ತಿಂಗಳು ಸೇವಿಸಿದರೆ ರೋಗ ವಾಸಿಯಾಗುತ್ತದೆ. ಮದ್ದು ಆರಂಭಿಸಿದವರು ಮನೆಯಲ್ಲೇ ಇರಬಹುದು, ಬಲಿಪೂಜೆಗೂ ಬರಬಹುದು. ತಡಮಾಡಿ ಬೆರಳು ಮುರುಟಿದ ಮೇಲೆ ಮದ್ದು ಅದನ್ನು ನೆಟ್ಟಗೆ ಮಾಡಲಾರದು. ಈ ಮದ್ದುಗಳಿಲ್ಲದ ದಿನಗಳಲ್ಲಿ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಮುಲ್ಲರ್ ಸ್ವಾಮಿಗಳು ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದ್ದನ್ನು ಹಿರಿಯರು ಬಲ್ಲರು.

ರೋಗ ನಿಶ್ಚಯವಾದ ಮೇಲೂ ದಾಮಿಯಾನರು ಕೆಲಸ ಬಿಡಲಿಲ್ಲ. 1886ರಲ್ಲಿ ಜೋಸೆಫ್ ಡಟ್ಟನ್ನರೂ, 1888ರಲ್ಲಿ ಮಾತೆ ಮರಿಯಾನ್ನರೂ ಸಹಾಯಕ್ಕೆ ಬಂದರು. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, 49ರ ಪ್ರಾಯದಲ್ಲಿ ಪ್ರಭುವಿನ ಪಾದ ಸೇರಿದ ಅವರನ್ನು ಆ ಕೇದಗೆ ಮರದ ಬುಡದಲ್ಲೇ ಮಣ್ಣು ಮಾಡಿದರು. 1936ರಲ್ಲಿ ಅವಶೇಷಗಳನ್ನು ಬೆಲ್ಜಿಯಂಗೆ ಒಯ್ದರು. 1995ರಲ್ಲಿ ಬಲಗೈಯನ್ನು ಮಾತ್ರ ಕಲವಾವೊದ ಸಮಾಧಿಗೆ ಹಿಂದಿರುಗಿಸಲಾಯಿತು. 2009ರ ಅಕ್ಟೋಬರ್ 11ರಂದು ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು. ಅವರ ಹಬ್ಬವನ್ನು ಮರಣದ ದಿನ ಆಚರಿಸುವುದಿಲ್ಲ. ಅವರು ಮೊಲೊಕಾಯಿಯಲ್ಲಿ ಇಳಿದ ಮೇ 10ರಂದು ಆಚರಿಸಲಾಗುತ್ತದೆ.