ತೆಕೋವದ ಕುರಿಗಾಹಿ ಆಮೋಸ

ಅರಸರ ಚರಿತ್ರೆಗಳನ್ನು ನಾವು ತರಗತಿಯಲ್ಲಿ ಸಾಕಷ್ಟು ಓದುತ್ತೇವೆ. ಅರಸನ ದೇಗುಲದಲ್ಲಿಯೇ ನಿಂತು ಅರಸುಮನೆತನವನ್ನು ಖಂಡಿಸಿದ ಕುರಿಗಾಹಿಯೊಬ್ಬನ ಕಥೆಯನ್ನು ಈ ವರ್ಷ ನಮ್ಮ ವಿದ್ಯಾರ್ಥಿಗಳ ಮುಂದಿಡಲು ಬಯಸಿದ್ದೇವೆ.

ಸೊಲೊಮೋನನ ಮರಣಾನಂತರ ಹೀಬ್ರೂ ಜನರ ರಾಜ್ಯವು ಒಡೆದು, ಉತ್ತರದಲ್ಲಿ ಇಸ್ರಾಯೇಲ್, ದಕ್ಷಿಣದಲ್ಲಿ ಯೆಹೂದ ಎಂದು ಎರಡಾಯಿತು. ಕ್ರಿ.ಪೂ. 8ನೆಯ ಶತಮಾನದ ನಡುಭಾಗದಲ್ಲಿ ಉತ್ತರವನ್ನು ಎರಡನೆಯ ಯಾರೊಬ್ಬಾಮನೂ ದಕ್ಷಿಣವನ್ನು ಉಜ್ಜೀಯನೂ ಆಳುತ್ತಿದ್ದರು. ಆಮೋಸನು ದಕ್ಷಿಣದವನು. ಜೆರೂಸಲೇಮಿಗೆ ದಕ್ಷಿಣದಲ್ಲಿ ಸುಮಾರು 16 ಕಿಲೋಮೀಟರು ದೂರದ ಗುಡ್ಡಗಾಡಿನ ತೆಕೋವ ಅವನ ಊರು. ಕುರಿ ಸಾಕುವುದು ಅವನ ವೃತ್ತಿ. ಅದರೊಡನೆ, ನಮ್ಮ ಅತ್ತಿಯ ಬಳಗಕ್ಕೆ ಸೇರಿದ ಒಂದು ಮರದ ಕಾಯಿಗಳನ್ನು ಗೀರಿ ಹಣ್ಣಾಗಿಸುವ ಕೆಲಸವನ್ನೂ ಮಾಡುತ್ತಿದ್ದನು. ಅದು ಬಡವರು ತಿನ್ನುವ ಹಣ್ಣು.

ಉತ್ತರದ ರಾಜ್ಯಕ್ಕೆ ಅದು ವೈಭವದ ಕಾಲ. ಯಾರೊಬ್ಬಾಮನು ಗಡಿಗಳನ್ನು ವಿಸ್ತರಿಸಿದ್ದನು. ರಾಜಧಾನಿ ಸಮಾರ್ಯದ ಸಿರಿವಂತರು ದಂತದ ಮಂಚಗಳ ಮೇಲೆ ಒರಗಿ, ಬೋಗುಣಿಗಟ್ಟಲೆ ದ್ರಾಕ್ಷಾರಸ ಕುಡಿಯುತ್ತಾರೆಂದು ಆಮೋಸನು ನುಡಿದನು. ಇದು ಉತ್ಪ್ರೇಕ್ಷೆಯಲ್ಲ. 1930ರ ದಶಕದಲ್ಲಿ ಸಮಾರ್ಯವನ್ನು ಅಗೆದಾಗ ಕಮಲ, ಸಿಂಹ ಮೊದಲಾದ ಆಕೃತಿಗಳನ್ನು ಕೆತ್ತಿದ್ದ ದಂತದ ಚೂರುಗಳು ರಾಶಿಯಾಗಿ ದೊರೆತವು. ಆ ಸಿರಿಯ ಬುಡದಲ್ಲಿ ಇದ್ದುದು ಸಾಲ. ಒಂದು ಜೊತೆ ಪಾದರಕ್ಷೆಯಷ್ಟು ಅಲ್ಪ ಬೆಲೆಗೆ ಬಡವನನ್ನು ಮಾರುತ್ತಿದ್ದರು. ಅವನಿಂದ ಒತ್ತೆಯಾಗಿ ಕಸಿದ ಹೊದಿಕೆಯನ್ನೇ ಬಲಿಪೀಠದ ಬಳಿ ಹಾಸಿಕೊಂಡು ಮಲಗುತ್ತಿದ್ದರು. ಹಬ್ಬದ ದಿನ ಯಾವಾಗ ಕಳೆದೀತು, ಧಾನ್ಯದ ಅಂಗಡಿ ಯಾವಾಗ ತೆರೆದೀತು ಎಂದು ವರ್ತಕರು ಚಡಪಡಿಸುತ್ತಿದ್ದರು. ಅವರ ಕೊಳಗ ಕಿರಿದು, ತೂಕದ ಕಲ್ಲು ಹಿರಿದು, ಗೋಧಿಯಲ್ಲಿ ಹೊಟ್ಟು.

ಆಮೋಸನು ಬೇತೇಲಿನ ರಾಜದೇಗುಲಕ್ಕೆ ಬಂದನು. ಅವನ ಹೆಸರಿನ ಗ್ರಂಥವು ಅವನ ನುಡಿಗಳನ್ನು ಜೋಡಿಸಿರುವ ಕ್ರಮದಲ್ಲಿ ಒಂದು ಜಾಣ್ಮೆಯಿದೆ. ಮೊದಲು ನೆರೆಯವರ ಸರದಿ. ಗಿಲ್ಯಾದಿನ ಜನರನ್ನು ಕಬ್ಬಿಣದ ಹಂತಿಯಿಂದ ತುಳಿಸಿದ ದಮಸ್ಕ, ಸೆರೆಯಾಳುಗಳನ್ನು ಊರಿಗೆ ಊರೇ ಮಾರಿದ ಗಾಜಾ, ಗಡಿ ಹಿಗ್ಗಿಸಲು ಗರ್ಭಿಣಿಯರನ್ನು ಸೀಳಿದ ಅಮ್ಮೋನ್ ಹೀಗೆ ಒಬ್ಬೊಬ್ಬರ ಮೇಲೂ ಯೆಹೋವನ ಬೆಂಕಿ ಬೀಳುವುದೆಂದು ಸಾರುತ್ತಾನೆ. ಶತ್ರುಗಳ ಪಾಪಪಟ್ಟಿಯನ್ನು ಕೇಳುವವರಿಗೆ ಹರ್ಷವಾಗದಿರುತ್ತದೆಯೇ? ಅನಂತರ ತನ್ನ ಯೆಹೂದದ ಹೆಸರು ಬರುತ್ತದೆ. ಕಟ್ಟಕಡೆಗೆ ಬರುವುದು ಇಸ್ರಾಯೇಲ್. ದೀರ್ಘವಾದ ದೋಷಾರೋಪ ಅದರ ಪಾಲಿಗೇ. ದೇವರು ಆರಿಸಿಕೊಂಡ ಜನವೆಂಬ ಹೆಮ್ಮೆ ಅವರಿಗಿತ್ತು. ಆ ಕಾರಣದಿಂದಲೇ ದಂಡನೆ ತಪ್ಪದು ಎಂದನು ಆಮೋಸ. ನ್ಯಾಯವಿಲ್ಲದವರ ಉತ್ಸವಗಳನ್ನೂ ವೀಣಾಗಾನವನ್ನೂ ದೇವರು ಹೇಸುತ್ತಾನೆ ಎಂಬುದು ಅವನ ನಿಲುವು.

ಅವನನ್ನು ಕಠಿಣಹೃದಯಿಯೆಂದು ಭಾವಿಸುವುದು ಸಲ್ಲದು. ಪೈರನ್ನು ಮಿಡತೆಗಳು ಮೇಯುವ ದರ್ಶನ ಅವನಿಗಾಯಿತು. ಈ ಜನ ಚಿಕ್ಕದು, ಬದುಕಿ ಉಳಿಯದು ಎಂದು ಬೇಡಿಕೊಂಡನು. ದೇವರು ಮನ ಕರಗಿ ತಡೆದನು. ಎರಡನೆಯ ಬಾರಿ ಬೆಂಕಿ ಕಂಡಿತು. ಮತ್ತೆ ಬೇಡಿದನು, ಮತ್ತೆ ತಡೆಯಾಯಿತು. ಮೂರನೆಯ ಬಾರಿ ಗೋಡೆಯ ಪಕ್ಕದಲ್ಲಿ ತೂಗುಗುಂಡು ಕಂಡಿತು. ಈ ಸಲ ಅವನು ಬೇಡಲಿಲ್ಲ. ಈ ಮೌನದ ಎದುರಿಗೆ ನಾವು ಪ್ರತಿ ಸಲವೂ ಪುಸ್ತಕವನ್ನು ಮುಚ್ಚಿ ಕುಳಿತಿದ್ದೇವೆ.

ಬೇತೇಲಿನ ಯಾಜಕ ಅಮಚ್ಯನು ಅರಸನಿಗೆ ದೂರು ಕಳುಹಿಸಿದನು. ಆಮೋಸನಿಗೆ, ನಿನ್ನ ನಾಡಿಗೆ ಹೋಗಿ ಅಲ್ಲಿಯೇ ಪ್ರವಾದನೆ ಮಾಡಿ ಹೊಟ್ಟೆ ಹೊರೆದುಕೊ, ಇದು ಅರಸನ ಗುಡಿ ಎಂದು ಆಜ್ಞಾಪಿಸಿದನು. ಪರನಾಡಿನಲ್ಲಿ ಬಾಳುವ ನಮ್ಮಂತಹವರಿಗೆ ಈ ಬಗೆಯ ಮಾತಿನ ಇರಿತ ತಿಳಿಯದ್ದಲ್ಲ. ಆಮೋಸನು ಹೊರಗಿನವನೆಂಬ ಆಕ್ಷೇಪಕ್ಕೆ ಉತ್ತರವನ್ನೇ ಕೊಡಲಿಲ್ಲ. ತಾನು ಕೂಲಿಯ ಪ್ರವಾದಿಯಲ್ಲ, ಮಂದೆಯ ಹಿಂದಿನಿಂದ ದೇವರು ಕರೆತಂದವನು ಎಂದಷ್ಟೇ ಹೇಳಿ, ಅಮಚ್ಯನ ಮನೆತನಕ್ಕೂ ದಂಡನೆ ತಪ್ಪದೆಂದನು.

ಒಂದು ತಲೆಮಾರು ಕಳೆಯುವಷ್ಟರಲ್ಲಿ, ಸುಮಾರು ಕ್ರಿ.ಪೂ. 722ರಲ್ಲಿ, ಸಮಾರ್ಯವು ಅಶ್ಶೂರರ ವಶವಾಯಿತು. 27,290 ಜನರನ್ನು ಸೆರೆಯೊಯ್ದೆನೆಂದು ಅಶ್ಶೂರದ ಅರಸ ಎರಡನೆಯ ಸರ್ಗೋನನು ಶಾಸನದಲ್ಲಿ ಬರೆಯಿಸಿದ್ದಾನೆ. ದಂತದ ಮಂಚದವರು ಅವರಲ್ಲಿದ್ದರೆಂಬುದರಲ್ಲಿ ಸಂದೇಹವೇಕೆ? ಪಾದರಕ್ಷೆಯ ಬೆಲೆಗೆ ಮಾರಿಹೋದವರೂ ಆ ಎಣಿಕೆಯಲ್ಲಿ ಸೇರಿದ್ದಿರಬಹುದೆಂಬ ಯೋಚನೆಯೇ ನಮ್ಮನ್ನು ಕಾಡುತ್ತದೆ.