ಬಳ್ಳಾರಿ ರಾಘವರು

ಕಳೆದ ವರ್ಷ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಗೆಳೆಯರು ಕೂಡಿ ಆಡಿದ ನಾಟಕದಲ್ಲಿ ನನ್ನದು ದುರ್ಯೋಧನನ ಪಾತ್ರ. ತೊಡೆ ಮುರಿದು ಬಿದ್ದಾಗ ನಾನು ಅರಚಿದ ರೀತಿಗೆ ಜನರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದುರಂತವು ಪ್ರಹಸನವಾಯಿತು. ಆ ನಾಚಿಕೆಯಿಂದಲೇ ರಾಘವರ ಚರಿತ್ರೆಯನ್ನು ಓದತೊಡಗಿದೆ.

ತಾಡಪತ್ರಿಯ ರಾಘವಾಚಾರ್ಯರು 1880ರ ಆಗಸ್ಟ್ 2ರಂದು ಜನಿಸಿದರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯ ವಕೀಲರು, ನಾಟಕಕಾರರು. ನಾಟಕವು ಸುಖದಲ್ಲಿಯೇ ಮುಗಿಯಬೇಕೆಂಬ ಸಂಸ್ಕೃತ ಸಂಪ್ರದಾಯವನ್ನು ಮೀರಿ 'ವಿಷಾದ ಸಾರಂಗಧರ'ವನ್ನು ಬರೆದು, ತೆಲುಗಿಗೆ ಮೊದಲ ದುರಂತ ನಾಟಕವನ್ನು ಕೊಟ್ಟವರು ಅವರೇ. ಮಲತಾಯಿಯ ಸುಳ್ಳು ದೂರನ್ನು ನಂಬಿ ಅರಸನು ಮಗನ ಕೈಕಾಲು ಕಡಿಸುವ ಕಥೆಯದು. ಗ್ರೀಕರ ಹಿಪ್ಪೊಲಿಟಸನನ್ನು ಬಲ್ಲವರಿಗೆ ಅದರ ನೆಂಟಸ್ತಿಕೆ ಹೊಳೆಯದಿರದು.

ರಾಘವರು ಮದರಾಸಿನಲ್ಲಿ ಕಾನೂನು ಓದಿ ಬಳ್ಳಾರಿಯಲ್ಲಿ ವಕೀಲರಾದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ದೊಡ್ಡ ಹೆಸರು ಪಡೆದರು. ಕೊಲೆಯ ಆರೋಪ ಹೊತ್ತವನು ಕಟಕಟೆಯಲ್ಲಿ ಹಾಡುವುದಿಲ್ಲ, ತಡವರಿಸುತ್ತಾನೆ. ಅದನ್ನು ದಿನವೂ ಕಂಡವರಿಗೆ ಅಂದಿನ ರಂಗಭೂಮಿ ಹೇಗೆ ಕಂಡಿರಬೇಕು! ಆಗ ಸಾಯುವ ಪಾತ್ರಧಾರಿಯೂ ರಾಗ ಎಳೆಯುತ್ತಿದ್ದನು. ಸಭಿಕರು 'ಒನ್ಸ್ ಮೋರ್' ಎಂದರೆ ಎದ್ದು ಇನ್ನೊಮ್ಮೆ ಹಾಡಿ, ಮತ್ತೆ ಮಲಗಿ ಸಾಯುತ್ತಿದ್ದನು. ರಾಘವರು ಪದ್ಯಗಳನ್ನು ಕಡಿಮೆ ಮಾಡಿ ಮಾತನ್ನೇ ನೆಚ್ಚಿದರು. ಹಾಡು ಕೇಳಲು ಬಂದವರಿಗೆ ಇದು ರುಚಿಸುವುದು ಸುಲಭವಾಗಿರಲಿಲ್ಲ. ಆದರೂ ಹರಿಶ್ಚಂದ್ರನನ್ನೂ ಒಥೆಲೊನನ್ನೂ ಅವರು ಮನುಷ್ಯರನ್ನಾಗಿಯೇ ತೋರಿಸಿದರು. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನವನ್ನು ಕುರಿತು ಬರೆದ ನಾಟಕದಲ್ಲಿ ಅವರ ಪಠಾಣನ ಪಾತ್ರ ಪ್ರಸಿದ್ಧವಾಯಿತು.

ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂಬುದು ಅವರ ಇನ್ನೊಂದು ಹಟ. ಮೀಸೆ ಬೋಳಿಸಿಕೊಂಡ ದ್ರೌಪದಿ ಅತ್ತರೆ ಯಾರ ಕರುಳು ಕರಗೀತು? ಪಿ. ವಿ. ರಾಜಮನ್ನಾರರ 'ತಪ್ಪೆವರಿದಿ' ಎಂಬ ಸಾಮಾಜಿಕ ನಾಟಕದಲ್ಲಿ ಕೊಮ್ಮೂರಿ ಪದ್ಮಾವತೀದೇವಿಯವರು ಅವರೊಡನೆ ಅಭಿನಯಿಸಿದರು. ಕುಲಸ್ತ್ರೀಯರು ರಂಗವೇರುವುದನ್ನು ಊರೇ ಆಡಿಕೊಳ್ಳುತ್ತಿದ್ದ ಕಾಲವದು.

1927ರಲ್ಲಿ ಗಾಂಧೀಜಿಯವರು ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ಇದ್ದಾಗ, ರಾಘವರು ಕಬೀರನ ನಾಟಕವನ್ನು ಹಿಂದಿಯಲ್ಲಿ ಆಡಿ ತೋರಿಸಿದರು. ಇಂಗ್ಲೆಂಡಿಗೂ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು.

ಸಿನಿಮಾ ಅವರಿಗೆ ಒಗ್ಗಲಿಲ್ಲ. 1936ರಲ್ಲಿ 'ದ್ರೌಪದೀ ಮಾನಸಂರಕ್ಷಣಂ' ಚಿತ್ರದಲ್ಲಿ ದುರ್ಯೋಧನರಾದರು, ಚಿತ್ರ ಸೋತಿತು. 1939ರ 'ರೈತು ಬಿಡ್ಡ'ದಲ್ಲಿ ರೈತನಾದರು, 1940ರಲ್ಲಿ 'ಚಂಡಿಕ' ಬಂದಿತು, ಅಷ್ಟೇ. 1946ರ ಏಪ್ರಿಲ್ 16ರಂದು ತೀರಿಕೊಂಡರು. ನಮ್ಮ ನಗರದ ರಾಘವ ಕಲಾಮಂದಿರ ಅವರ ಹೆಸರಿನದು. ಸಾವಿರಾರು ಜನರನ್ನು ಅಳಿಸಿದ ಆ ರಂಗದ ಮಾತು ಮಾತ್ರ ಕೇಳಿದವರೊಡನೆಯೇ ಹೋಯಿತು. ನನಗೆ ಅದೇ ದೊಡ್ಡ ನಷ್ಟವೆನಿಸುತ್ತದೆ.

ಬರುವ ಜಾತ್ರೆಗೆ ಅದೇ ನಾಟಕವನ್ನು ಮತ್ತೆ ಅಭ್ಯಾಸ ಮಾಡುತ್ತಿದ್ದೇವೆ. ಭೀಮನ ಪಾತ್ರಕ್ಕೆ ಸಿರುಗುಪ್ಪದ ಸಹಪಾಠಿಯೊಬ್ಬನು ಬಂದಿದ್ದಾನೆ. ದ್ರೌಪದಿಯಾಗಲು ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಪ್ಪಿದ್ದಾಳೆ. ತೊಡೆ ಮುರಿದ ಮೇಲೆ ನಾನು ಹಾಡಬೇಕಾಗಿದ್ದ ಎರಡು ಪದ್ಯಗಳನ್ನು ಬಿಟ್ಟಿದ್ದೇವೆ. ಹಾರ್ಮೋನಿಯಂ ಮಾಸ್ತರರಿಗೆ ಕೋಪ ಬಂದಿದೆ.